ಗೇರುಬೀಜದ ಕೆಲಸಕ್ಕೆ ತಾಂಜಾನಿಯಾಕ್ಕೆ ಹೊರಟವರಿಗೆ

ಊರಿನ ಬೆಳೆಯೊಂದನ್ನೇ ನಂಬಿದರೆ ಮಂಗಳೂರಿನ ಗೇರುಬೀಜ ಕಾರ್ಖಾನೆಗಳು ವರ್ಷವಿಡೀ ನಡೆಯಲಾರವು. ನಮ್ಮಲ್ಲಿ ಬೀಜ ಸಿಗುವುದು ಫೆಬ್ರವರಿಯಿಂದ ಮೇ ತನಕ. ತಾಂಜಾನಿಯಾದ ಕೊಯ್ಲು ಅಕ್ಟೋಬರ್ ಹೊತ್ತಿಗೆ ಮಾರುಕಟ್ಟೆಗೆ ಬರುತ್ತದೆ, ಅಂದರೆ ಇಲ್ಲಿನ ದಾಸ್ತಾನು ಕರಗುವ ಕಾಲಕ್ಕೆ. ಖರೀದಿ ಅಥವಾ ಗುಣಮಟ್ಟ ಪರೀಕ್ಷೆಯ ಕೆಲಸ ಹಿಡಿದು ಅಲ್ಲಿನ ದಕ್ಷಿಣದ ಗೇರು ಬೆಳೆಯುವ ಪ್ರದೇಶವಾದ ಮ್ತ್ವಾರಾ ಕಡೆಗೆ ಹೊರಟವರು ಅಲ್ಲಿನ ಪದ್ಧತಿಯನ್ನು ಮೊದಲೇ ತಿಳಿದಿರಬೇಕು.

ರೈತನ ಅಂಗಳಕ್ಕೇ ಹೋಗಿ ಬೀಜ ತೂಗಿಸಿಕೊಂಡು ಬರುವಂತಿಲ್ಲ. 2007ರಿಂದ ಗೇರುಬೀಜಕ್ಕೆ ಗೋದಾಮು ರಸೀದಿ ಪದ್ಧತಿ ಇದೆ. ರೈತರು 'ಆಮ್ಕೋಸ್' ಎಂಬ ಪ್ರಾಥಮಿಕ ಸಹಕಾರ ಸಂಘಕ್ಕೆ ಮಾಲು ಒಪ್ಪಿಸುತ್ತಾರೆ. ಅದು ಗೋದಾಮು ಸೇರಿ, ರಸೀದಿಯಾಗಿ, ಹರಾಜಿಗೆ ಬರುತ್ತದೆ. ರೈತರು ಬೆಲೆ ಒಪ್ಪಿದರಷ್ಟೇ ಮಾರಾಟ. ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ ಇರುವ ಊರಿನವರಿಗೆ ಇದರ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. 2018ರಲ್ಲಿ ವ್ಯಾಪಾರಿಗಳು ತೀರಾ ಕಡಿಮೆ ಬೆಲೆ ಕೇಳಿದಾಗ ಅಧ್ಯಕ್ಷ ಜಾನ್ ಮಗುಫುಲಿ ಸೈನ್ಯವನ್ನೇ ಖರೀದಿಗೆ ಇಳಿಸಿದ್ದರು. ಹೊಲದಲ್ಲೇ ಬೆಳೆ ಕೊಳ್ಳುವುದು, ಮೊಬೈಲ್ ರಿಪೇರಿಯಂಥ ಸಣ್ಣ ವ್ಯವಹಾರಗಳನ್ನು ವಿದೇಶಿಯರು ಮಾಡಬಾರದೆಂದು 2025ರ ಜುಲೈನಲ್ಲಿ ಸರ್ಕಾರ ಆದೇಶವನ್ನೂ ಹೊರಡಿಸಿತು.

ಹಾಗಾಗಿ ನಿಮ್ಮ ಜಾಣ್ಮೆಗೆ ಕೆಲಸವಿರುವುದು ಗೋದಾಮಿನಲ್ಲಿ. ಒಂದು ಕಿಲೋ ಮಾದರಿ ತೆಗೆದು, ಬೀಜ ಎಣಿಸಿ, ಒಂದೊಂದನ್ನೂ ಇಬ್ಭಾಗ ಮಾಡಿ, ಒಳ್ಳೆಯ ತಿರುಳು, ಕಲೆ ಬಿದ್ದದ್ದು, ಜೊಳ್ಳು, ಬೂಸ್ಟು ಹಿಡಿದದ್ದು ಎಂದು ಬೇರ್ಪಡಿಸಿ. 80 ಕಿಲೋ ಚೀಲಕ್ಕೆ ಎಷ್ಟು ಪೌಂಡ್ ತಿರುಳು ಸಿಗುತ್ತದೆ ಎಂಬ 'ಔಟ್‌ಟರ್ನ್' ಲೆಕ್ಕದ ಮೇಲೆಯೇ ಬೆಲೆ ನಿಂತಿದೆ. ತೇವಾಂಶವನ್ನು ಕಡೆಗಣಿಸಬೇಡಿ, ಹಸಿ ಬೀಜ ಹಡಗಿನಲ್ಲೇ ಕೆಡುತ್ತದೆ.

ಕಾಗದಪತ್ರ ಎರಡು ಬೇಕು: ಕಾರ್ಮಿಕ ಇಲಾಖೆಯ ಕೆಲಸದ ಪರವಾನಗಿ ಮತ್ತು ವಲಸೆ ಇಲಾಖೆಯ ವಾಸದ ಪರವಾನಗಿ. ವಾಸದ ಪರವಾನಗಿಯಲ್ಲಿ ಸ್ವಂತ ಬಂಡವಾಳ ಹೂಡುವವರಿಗೆ ಎ ವರ್ಗ, ನೌಕರರಿಗೆ ಬಿ ವರ್ಗ.

ಈ ಬಿಗಿ ನಿಯಮಗಳನ್ನು ಭಾರತೀಯರ ಮೇಲಿನ ಅಸಮಾಧಾನವೆಂದು ದಯವಿಟ್ಟು ತಿಳಿಯಬೇಡಿ. ಆಫ್ರಿಕಾವನ್ನು ಇಂದು ಎಲ್ಲರೂ ಓಲೈಸುತ್ತಿದ್ದಾರೆ. ತಾಂಜಾನಿಯಾದ ದಾರ್ ಎಸ್ ಸಲಾಮ್‌ನಿಂದ ಜಾಂಬಿಯಾಕ್ಕೆ 1970ರ ದಶಕದಲ್ಲಿ 1,860 ಕಿಲೋಮೀಟರ್ ರೈಲು ಹಾಕಿಸಿಕೊಟ್ಟದ್ದು ಚೀನಾ. ಅಂಗೋಲಾದ ಲೊಬಿಟೊ ರೈಲುಮಾರ್ಗಕ್ಕೆ ಅಮೆರಿಕ, ಯುರೋಪ್ ಬೆಂಬಲ ಕೊಡುತ್ತಿವೆ. 2023ರಲ್ಲಿ ದೆಹಲಿಯ ಶೃಂಗಸಭೆಯಲ್ಲಿ ಆಫ್ರಿಕನ್ ಒಕ್ಕೂಟ ಜಿ20ರ ಕಾಯಂ ಸದಸ್ಯವಾಯಿತು. ಅದೇ ವರ್ಷ ಮದ್ರಾಸ್ ಐಐಟಿ ತಾಂಜಾನಿಯಾದ ಜಾಂಜಿಬಾರ್‌ನಲ್ಲಿ ತರಗತಿ ಆರಂಭಿಸಿತು. ಕೇಳುವವರು ಹೆಚ್ಚಿದಾಗ ಷರತ್ತು ಹಾಕುವ ಶಕ್ತಿ ಮಾರುವವರಿಗೆ ಬರುತ್ತದೆ. ಬೆನಿನ್ ದೇಶವಂತೂ 2024ರ ಏಪ್ರಿಲ್‌ನಿಂದ ಕಚ್ಚಾ ಬೀಜದ ರಫ್ತನ್ನೇ ನಿಲ್ಲಿಸಿತು.

ತಾಂಜಾನಿಯಾವೂ ಇದೇ ದಾರಿ ಹಿಡಿದರೆ ನಮ್ಮ ಕಾರ್ಖಾನೆಗಳ ಸಾವಿರಾರು ಹೆಂಗಸರ ದುಡಿಮೆಗೆ ಪೆಟ್ಟು ಬೀಳುತ್ತದೆ. ಆ ಆತಂಕ ನನಗೂ ಇದೆ. ಆದರೂ ತನ್ನ ಬೆಳೆಯನ್ನು ತನ್ನ ಊರಲ್ಲೇ ಸುಲಿದು ಮಾರುವ ಹಕ್ಕು ಮ್ತ್ವಾರಾದ ರೈತನಿಗೂ ಇದೆ. ಸುಲಿಯುವ, ಗ್ರೇಡ್ ಮಾಡುವ ಕೆಲಸದಲ್ಲಿ ನಮ್ಮವರಿಗೆ ತಲೆಮಾರುಗಳ ಅನುಭವವಿದೆ. ಅಲ್ಲಿ ಏಳುವ ಕಾರ್ಖಾನೆಗಳಿಗೆ ಬೇಕಾಗುವುದು ಅದೇ. ಆದ್ದರಿಂದ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಕೆಲಸ ಖರೀದಿಯದೋ ಸಂಸ್ಕರಣೆಯದೋ ಎಂದು ಕೇಳಿ, ಪರವಾನಗಿಯ ಅರ್ಜಿಯಲ್ಲೂ ಅದೇ ಹುದ್ದೆಯನ್ನು ಬರೆಸಿ.