ಮಾತಾಡುತ್ತಾ ಬೆರಳು ಕುಟ್ಟಿ: ಭಾಷೆ ಮಿದುಳಿನ ಯಾವ ಕಡೆ ಎಂದು ಮನೆಯಲ್ಲೇ ನೋಡುವ ಬಗೆ

ನಾನು ಸ್ಪೀಚ್ ಥೆರಪಿಸ್ಟ್. ಸ್ಟ್ರೋಕ್ ಆಗಿ ಮಾತು ನಿಂತುಹೋದವರ ಮನೆಯವರು ಕೇಳುವ ಮಾತೊಂದಿದೆ: ‘ಎರಡನೇ ಭಾಷೆ ಮಿದುಳಿನ ಇನ್ನೊಂದು ಕಡೆ ಇರುತ್ತೆ ಅಲ್ವಾ, ಅದಾದ್ರೂ ಉಳಿದಿರಬೇಕಲ್ಲ?’ ಹಾಗಲ್ಲ. ಹೆಚ್ಚಿನವರಲ್ಲಿ ಎರಡೂ ಭಾಷೆಗಳ ಕೆಲಸ ಬಹುಪಾಲು ಎಡಮಿದುಳಿನಲ್ಲೇ. ಸುಮ್ನೆ ಹೇಳಿದರೆ ಯಾರೂ ನಂಬುವುದಿಲ್ಲ, ಅದಕ್ಕೇ ಅವರಿಗೆ ಈ ಬೆರಳಾಟ ಹೇಳಿಕೊಡುತ್ತೇನೆ.

ಮಣಿಕಟ್ಟನ್ನು ಮೇಜಿನ ಮೇಲೆ ಊರಿ. ತೋರುಬೆರಳು ಮಾತ್ರ ಏಳಬೇಕು. ಇಡೀ ಕೈ ಎದ್ದರೆ ಲೆಕ್ಕ ಕೆಡುತ್ತದೆ. ಬಾಯಿ ಮುಚ್ಚಿಕೊಂಡು 15 ಸೆಕೆಂಡು, ಆದಷ್ಟು ಬೇಗ ಕುಟ್ಟಿ. ಇನ್ನೊಬ್ಬರು ಫೋನಿನಲ್ಲಿ ವಿಡಿಯೊ ಮಾಡಲಿ, ಆಮೇಲೆ ನಿಧಾನಕ್ಕೆ ಓಡಿಸಿ ಎಣಿಸಿ. ಮೊದಲು ಬಲಗೈ, ಸ್ವಲ್ಪ ಸುಧಾರಿಸಿಕೊಂಡು ಎಡಗೈ. ನಂತರ ಇದನ್ನೇ ಮಾತಾಡುತ್ತಾ ಮಾಡಿ.

ಏನು ಮಾತಾಡುತ್ತೀರಿ ಅನ್ನುವುದೇ ಇಲ್ಲಿ ಮುಖ್ಯ. ಒಂದರಿಂದ ಹತ್ತು ಎಣಿಸುವುದು, ವಾರಗಳ ಹೆಸರು, ಬಾಯಿಪಾಠದ ಪದ್ಯ ಬೇಡ. ಎಡಮಿದುಳಿಗೆ ಪೆಟ್ಟಾಗಿ ಒಂದು ವಾಕ್ಯ ಕಟ್ಟಲಾಗದವರೂ ಎಷ್ಟೋ ಸಲ ಇಂಥವನ್ನು ಸರಾಗವಾಗಿ ಹೇಳಿಬಿಡುತ್ತಾರೆ, ಹಾಡನ್ನೂ ಹಾಡುತ್ತಾರೆ. ಅಂದರೆ ಇವಕ್ಕೆ ಎಡಮಿದುಳು ಅಷ್ಟಾಗಿ ದುಡಿಯಬೇಕಿಲ್ಲ. ನಿನ್ನೆ ಬೆಳಗಿನಿಂದ ಏನೇನು ಮಾಡಿದಿರಿ ಎಂದು ಹೇಳುತ್ತಾ ಹೋಗಿ. ವಾಕ್ಯ ಹೊಸದಾಗಿ ಹುಟ್ಟಬೇಕು.

ಈಗ ಲೆಕ್ಕ. ಉದಾಹರಣೆಗೆ, ಬಲಗೈ 75ರಿಂದ 66ಕ್ಕೆ ಇಳಿಯಿತು ಅನ್ನಿ, ಅಂದರೆ ನೂರಕ್ಕೆ 12 ಇಳಿಕೆ. ಎಡಗೈ 70ರಿಂದ 67ಕ್ಕೆ, ನೂರಕ್ಕೆ ಸುಮಾರು 4. ಬಲಗೈಯನ್ನು ಆಡಿಸುವುದು ಎಡಮಿದುಳು, ಮಾತನ್ನು ಹೊರಡಿಸುವುದೂ ಅದೇ. ಎರಡು ಕೆಲಸ ಒಟ್ಟಿಗೆ ಬಿದ್ದಾಗ ಬೆರಳು ಸೋಲುತ್ತದೆ. 1971ರಲ್ಲಿ ಕಿನ್ಸ್‌ಬೋರ್ನ್ ಮತ್ತು ಕುಕ್ ಎಂಬ ಸಂಶೋಧಕರು ತೋರುಬೆರಳಿನ ಮೇಲೆ ಕೋಲು ನಿಲ್ಲಿಸಲು ಹೇಳಿ ಮಾತಾಡಿಸಿದ್ದರು. ಬಲಗೈಯ ಕೋಲು ಬೇಗ ಬಿತ್ತು, ಎಡಗೈಗೆ ಹಾಗೆ ತೊಂದರೆಯಾಗಲಿಲ್ಲ.

ಎರಡನೇ ಭಾಷೆಯಲ್ಲಿ ಮಾಡುವಾಗ ಜನ ಎಡವುವುದು ಜಾಸ್ತಿ. ಅಷ್ಟಾಗಿ ಬಾರದ ಭಾಷೆಯಲ್ಲಿ ಎರಡೂ ಕೈ ನಿಧಾನವಾಗುತ್ತವೆ. ‘ನೋಡಿ, ಬಲಮಿದುಳೂ ಸೇರಿಕೊಂಡಿತು’ ಎಂದು ಕುಣಿಯಬೇಡಿ. ಅದು ಪದ ಹುಡುಕುವ ಶ್ರಮ. ಗಮನವೆಲ್ಲ ಅಲ್ಲಿಗೇ ಹೋಯಿತು, ಅಷ್ಟೆ. ನೋಡಬೇಕಾದ್ದು ಒಟ್ಟು ಇಳಿಕೆಯನ್ನಲ್ಲ, ಬಲಗೈಗೂ ಎಡಗೈಗೂ ಇರುವ ಅಂತರವನ್ನು. ಅದು ಎರಡು ಭಾಷೆಯಲ್ಲೂ ಬಲಗೈ ಕಡೆಗೇ ವಾಲಿದರೆ ಎರಡಕ್ಕೂ ಎಡಮಿದುಳೇ ಮುಂದು ಎನ್ನಲು ಅದೊಂದು ಸುಳಿವು. ಒಂದೇ ಸಲದ ಲೆಕ್ಕ ನಂಬಬೇಡಿ. ಕೈ, ಭಾಷೆಗಳ ಸರದಿ ಅದಲುಬದಲು ಮಾಡಿ, ಬೇರೆ ಬೇರೆ ದಿನ ನೋಡಿ.

ಎಡಗೈಯವರ ಲೆಕ್ಕ ತಲೆಕೆಳಗಾಗಿರಬೇಕು ಎಂದುಕೊಳ್ಳಬೇಡಿ. ಅವರಲ್ಲೂ ಸುಮಾರು ನೂರಕ್ಕೆ 70 ಮಂದಿಗೆ ಮಾತು ಎಡಮಿದುಳಿನದೇ. ಉಳಿದವರಲ್ಲಿ ಬಲಗಡೆ, ಇಲ್ಲವೇ ಎರಡೂ ಕಡೆ.

ಮಿದುಳಿನ ಆಕಾರದಲ್ಲೂ ಎಡಗಡೆಗೆ ಈ ವಾಲು ಇದೆ. 1968ರಲ್ಲಿ ಗೆಶ್‌ವಿಂಡ್, ಲೆವಿಟ್‌ಸ್ಕಿ ಎಂಬ ಸಂಶೋಧಕರು 100 ಮಿದುಳು ಅಳೆದಾಗ, ಕಿವಿಯ ಒಳಬದಿಗೆ ಬರುವ, ಭಾಷೆಗೆ ಸಂಬಂಧಿಸಿದ ಪ್ಲಾನಮ್ ಟೆಂಪೊರಾಲೆ ಎಂಬ ಜಾಗ 65ರಲ್ಲಿ ಎಡಗಡೆ ದೊಡ್ಡದು, 11ರಲ್ಲಿ ಬಲಗಡೆ. ಹಾಗಂತ ಸ್ಕ್ಯಾನ್ ಚಿತ್ರದಲ್ಲಿ ಆ ಜಾಗ ಅಳೆದು ಮಾತು ಯಾವ ಕಡೆ ಎಂದು ಹೇಳಲಾಗದು.

ಸ್ಟ್ರೋಕ್ ಆದವರ ಕೈಯಲ್ಲಿ ಇದನ್ನು ಮಾಡಿಸಬೇಡಿ. ಅವರ ಬಲಗೈಯೇ ಸೋತಿರಬಹುದು, ಲೆಕ್ಕಕ್ಕೆ ಅರ್ಥವಿರುವುದಿಲ್ಲ. ಅವರ ಎರಡೂ ಭಾಷೆಗಳ ಬಗ್ಗೆ ಥೆರಪಿಸ್ಟ್‌ಗೆ ಬರೆದುಕೊಡಿ: ಯಾವುದನ್ನು ಯಾವ ವಯಸ್ಸಿಗೆ ಕಲಿತರು, ಮನೆಯಲ್ಲಿ ಯಾವುದು, ಕೆಲಸದಲ್ಲಿ ಯಾವುದು, ಓದು ಬರಹ ಯಾವುದರಲ್ಲಿ.