ಪಠ್ಯವಾಗಿದ್ದ 1984, ರಂಗದ ಮೇಲೆ

ಎಂ.ಎ.ಯಲ್ಲಿ ಜಾರ್ಜ್ ಆರ್ವೆಲ್‌ನ 1984 ಕಾದಂಬರಿ ನಮಗೆ ಪಠ್ಯವಾಗಿತ್ತು. ಜನರ ಯೋಚನೆಯನ್ನೂ ಬಿಡದೆ ಆಳುವ 'ಪಾರ್ಟಿ', ಅದರ ಕೈಗೆ ಸಿಕ್ಕಿಬೀಳುವ ವಿನ್‌ಸ್ಟನ್ ಅನ್ನೋ ನೌಕರ, ಇವರ ಕತೆ ಅದು. ಪಾರ್ಟಿಯ ನಾಯಕ ಬಿಗ್ ಬ್ರದರ್, ಮನೆಯೊಳಗಿನವರನ್ನೂ ನೋಡುತ್ತಿರುವ ಪರದೆ ಟೆಲಿಸ್ಕ್ರೀನ್, ಯೋಚನೆಗೂ ಹಿಡಿಯುವ ಥಾಟ್ ಪೊಲೀಸ್ ಅಂತ ಅಂಕಕ್ಕೆ ಎಷ್ಟು ಬೇಕೋ ಅಷ್ಟು ಓದಿಕೊಂಡೆವು. ಕೊನೆಯಲ್ಲಿ ಪಾರ್ಟಿ ಕಟ್ಟಿದ ಹೊಸ ಭಾಷೆ ನ್ಯೂಸ್ಪೀಕ್ ಬಗ್ಗೆ ಒಂದು ಅನುಬಂಧ ಇದೆ. ಪರೀಕ್ಷೆಗೆ ಬರಲ್ಲ ಅಂತ ಅದನ್ನು ಯಾರೂ ಮುಟ್ಟಿರಲಿಲ್ಲ.

ಲಂಡನ್ನಿನಲ್ಲಿ ಕೆಲಸದಲ್ಲಿದ್ದಾಗ, 2016ರಲ್ಲಿ, ಪ್ಲೇಹೌಸ್ ಥಿಯೇಟರಿನಲ್ಲಿ ಇದರ ನಾಟಕ ನಡೆಯುತ್ತಿತ್ತು. ರಾಬರ್ಟ್ ಐಕ್ ಮತ್ತು ಡಂಕನ್ ಮ್ಯಾಕ್‌ಮಿಲನ್ ಸೇರಿ ಮಾಡಿದ ರಂಗರೂಪ, 2013ರಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿ ಶುರುವಾಗಿದ್ದು. ಹೋಗುವ ಮುಂಚೆ ಕಾದಂಬರಿ ಪೂರ್ತಿ ತಿರುಗಿ ಓದಲಿಲ್ಲ. ಹಾಗೆ ಓದಿಕೊಂಡು ಹೋದರೆ ಯಾವ ಸಾಲು ಬಿಟ್ಟರು ಅಂತ ಲೆಕ್ಕ ಹಾಕುತ್ತಾ ಕೂರುತ್ತೇವೆ. ಡೈರಿ ಶುರು ಮಾಡುವ ಭಾಗ, ಕ್ಯಾಂಟೀನಿನ ಮಾತುಕತೆ ಮತ್ತು ಆ ಅನುಬಂಧ, ಇಷ್ಟೇ ಓದಿದೆ. ಅನುಬಂಧದ ತುಂಬ ನ್ಯೂಸ್ಪೀಕ್ 'ಹೀಗಿತ್ತು', 'ಹಾಗಿತ್ತು' ಅಂತಲೇ ಇದೆ. ಅಂದರೆ ಯಾರೋ ಮುಂದೆ ಯಾವತ್ತೋ, ಪಾರ್ಟಿಯ ಆಟ ಮುಗಿದ ಮೇಲೆ ಕೂತು ಬರೆಯುತ್ತಿದ್ದಾರೆ ಅಂತಾಯ್ತಲ್ವಾ?

ನಾಟಕದವರು ಹಿಡಿದಿದ್ದೂ ಇದೇ ಎಳೆಯನ್ನು. ಮುಂದಿನ ಕಾಲದ ಜನ ಒಂದಷ್ಟು ಮಂದಿ ಸುತ್ತ ಕೂತು ಈ ಪುಸ್ತಕದ ಬಗ್ಗೆ ಚರ್ಚೆ ಮಾಡುತ್ತಿರುತ್ತಾರೆ. ಅವರ ನಡುವೆಯೇ ವಿನ್‌ಸ್ಟನ್ ಕಕ್ಕಾಬಿಕ್ಕಿಯಾಗಿ ನಿಂತಿರುತ್ತಾನೆ. ಅವನು ಯಾವ ಕಾಲದಲ್ಲಿದ್ದಾನೆ ಅನ್ನೋದು ಅವನಿಗೂ ಗೊತ್ತಿಲ್ಲ, ನಮಗೂ ಗೊತ್ತಾಗಲ್ಲ.

ನನ್ನನ್ನು ಜಾಸ್ತಿ ಅಲುಗಾಡಿಸಿದ್ದು ಕ್ಯಾಂಟೀನಿನ ದೃಶ್ಯ. ಅದೇ ಮೇಜು, ಅದೇ ಊಟ, ನೆರೆಮನೆಯ ಪಾರ್ಸನ್ಸ್ ತನ್ನ ಮಗಳ ಪ್ರತಾಪವನ್ನು ಕೊಚ್ಚಿಕೊಳ್ಳುವ ಅದೇ ಮಾತು. ಸ್ವಲ್ಪ ಹೊತ್ತಿಗೆ ಆ ದೃಶ್ಯ ಮತ್ತೆ ಬರುತ್ತದೆ, ಆಮೇಲೆ ಮತ್ತೊಮ್ಮೆ. ಹೀಗೆ ಬರುತ್ತಾ ಅದೇ ಮೇಜಿನ ಸಹೋದ್ಯೋಗಿ ಸೈಮ್ ಇಲ್ಲವಾಗುತ್ತಾನೆ. ಯಾರೂ ಕೇಳುವುದಿಲ್ಲ, ಮಾತು ಹಾಗೇ ಸಾಗುತ್ತದೆ. ಕಾದಂಬರಿಯಲ್ಲಿ ಚೆಸ್ ಸಮಿತಿಯ ಪಟ್ಟಿಯಲ್ಲಿ ಅವನ ಹೆಸರು ಕಾಣೆಯಾಗಿರುತ್ತದೆ. ಅಲ್ಲಿ ಅದನ್ನು ಆರ್ವೆಲ್ ಬರೆದು ತಿಳಿಸುತ್ತಾನೆ. ಇಲ್ಲಿ ಹೇಳುವವರೇ ಇಲ್ಲ. ಹೊರಗೆ ಬಂದ ಮೇಲೆ ನನ್ನ ಹೆಂಡತಿಗೆ, "ಸೈಮ್ ಮಾಯವಾಗಿದ್ದು ನೋಡಿದ್ಯಾ?" ಅಂದೆ. ಅವಳು ಕಾದಂಬರಿ ಓದಿಲ್ಲ. "ಯಾರ್ರೀ ಸೈಮ್?" ಅಂದಳು.

ಪ್ರೇಮಿಗಳಾದ ಜೂಲಿಯಾ ಮತ್ತು ವಿನ್‌ಸ್ಟನ್‌ರ ಬಾಡಿಗೆ ಕೋಣೆ ರಂಗದ ಮೇಲೆ ಕಾಣುವುದೇ ಇಲ್ಲ. ಮೇಲಿನ ಪರದೆಯಲ್ಲಿ ವಿಡಿಯೊ ಆಗಿ ಬರುತ್ತದೆ. ಅವರ ಏಕಾಂತವನ್ನು ನಾವೇ ಇಣುಕಿ ನೋಡುತ್ತಾ ಕೂತಿರುತ್ತೇವೆ. ಟೆಲಿಸ್ಕ್ರೀನ್ ಅಂದರೆ ಏನು ಅಂತ ನೋಟ್ಸ್‌ನಲ್ಲಿ ಎಷ್ಟು ಸಲ ಬರೆದಿದ್ದೆನೋ. ಆಚೆ ಕಡೆ ಕೂತು ನೋಡುವವರ ಬಗ್ಗೆ ಯೋಚಿಸಿದ್ದು ಅವತ್ತೇ ಮೊದಲು.

ಹಿಂಸೆಯ ಭಾಗಕ್ಕೆ ಬೆಳ್ಳಗೆ ಕಣ್ಣು ಕುಕ್ಕುವ ರೂಮ್ 101, ಪಾರ್ಟಿಯ ಚಿತ್ರಹಿಂಸೆಯ ಕೋಣೆ. ದಿಢೀರ್ ಕತ್ತಲು, ಎದೆ ನಡುಗಿಸುವ ಸದ್ದು, ಮತ್ತೆ ಬೆಳಕು ಬಂದಾಗ ರಕ್ತ. 2017ರಲ್ಲಿ ಇದೇ ನಾಟಕ ಬ್ರಾಡ್‌ವೇಗೆ ಹೋದಾಗ ಕೆಲವರು ಮೂರ್ಛೆ ಹೋದರು ಅಂತ ಸುದ್ದಿಯಾಯ್ತು. ಹದಿಮೂರು ತುಂಬದ ಮಕ್ಕಳನ್ನು ಒಳಗೆ ಬಿಡಲಿಲ್ಲ. ನನಗೆ ಮಾತ್ರ ಅಷ್ಟು ಸದ್ದು ಬೇಕಿರಲಿಲ್ಲ ಅನಿಸಿತು. ಹಿಂಸೆ ಕೊಡುವ ಪಾರ್ಟಿಯ ಅಧಿಕಾರಿ ಓ'ಬ್ರಯನ್‌ನ ತಣ್ಣನೆಯ ಮಾತೇ ಸಾಕಿತ್ತು.

ಪೂರ್ತಿ ನಾಟಕ 101 ನಿಮಿಷ, ಮಧ್ಯೆ ವಿರಾಮ ಇಲ್ಲ. ಕೊನೆಗೆ ಆ ಚರ್ಚೆಯ ಗುಂಪು ಮತ್ತೆ ಬರುತ್ತದೆ. ಪಾರ್ಟಿ ಬಿದ್ದುಹೋಯಿತು ಅಂತ ಅವರ ನಂಬಿಕೆ. ಅಷ್ಟರಲ್ಲಿ ಗುಂಪಿನಲ್ಲೇ ಒಂದು ಅನುಮಾನ ಏಳುತ್ತದೆ: ನಾವು ಹಾಗೆ ನಂಬಿಕೊಂಡಿದ್ದರೆ ಪಾರ್ಟಿಗೇ ತಾನೆ ಲಾಭ?