ತೊಟ್ಟಿ ಮನೆಯ ಪಡುಗೋಡೆ ಒಣಗಿದ ಬಗೆ: ನನ್ನ ಅನುಭವ

ಹೊಸನಗರ ತಾಲ್ಲೂಕಿನಲ್ಲಿರುವ ನಮ್ಮ ತೊಟ್ಟಿ ಮನೆಯ ಪಡುಗೋಡೆಯು (ಪಶ್ಚಿಮದ ಗೋಡೆ) ಸುಣ್ಣದ ಗಾರೆ ಕಂಡ ಮೇಲೆ ಐದು ಮಳೆಗಾಲಗಳನ್ನು ದಾಟಿದೆ. ಈ ಐದರಲ್ಲಿ ಒಮ್ಮೆಯೂ ಅದರ ಒಳಮೈ ಬೆವರಲಿಲ್ಲ, ಬಣ್ಣ ಸುಲಿಯಲಿಲ್ಲ, ಉಪ್ಪು ಉಕ್ಕಲಿಲ್ಲ. ಕೆಡವಿ ಆರ್‌ಸಿಸಿ ಹಾಕಿಸುವುದೊಂದೇ ದಾರಿಯೆಂದು 2016ರಲ್ಲಿ ನನಗೆ ಬುದ್ಧಿ ಹೇಳಿದವರಲ್ಲಿ ಇಬ್ಬರು ಈಚೆಗೆ ಬಂದು, ಗೋಡೆಗೆ ಅಂಗೈ ಒತ್ತಿ ನೋಡಿ, ತಮ್ಮ ಮನೆಯ ಗೋಡೆಯನ್ನೂ ಒಮ್ಮೆ ನೋಡಬೇಕೆಂದು ಕರೆದು ಹೋಗಿದ್ದಾರೆ. ಹಳೆಯ ಮನೆ ಉಳಿಸಿಕೊಳ್ಳಲು ಹೆಣಗುತ್ತಿರುವ ಉಳಿದವರಿಗೂ ಪ್ರಯೋಜನವಾಗಲೆಂದು, ಮಾಡಿದ್ದನ್ನೂ ಕೆಡಿಸಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಮೊತ್ತಗಳೆಲ್ಲ ನೆನಪಿನಿಂದ ಬಂದವು. ಐದು ಹತ್ತು ಸಾವಿರ ಆಚೀಚೆ ಇರಬಹುದು.

ಮನೆ ಹದಿನೆಂಟು ಅಂಕಣದ್ದು (ಕಂಬದಿಂದ ಕಂಬಕ್ಕೆ ಒಂದು ಅಂಕಣ), ಮುತ್ತಜ್ಜ ಕಟ್ಟಿಸಿದ್ದು, ನೂರು ವರ್ಷಗಳ ಹತ್ತಿರದ್ದು. ಮೊಣಕಾಲೆತ್ತರದ ಕರಿಕಲ್ಲಿನ ಪಂಚಾಂಗ (ಗೋಡೆಯ ಕೆಳಗಿನ ಅಡಿಪಾಯ), ಅದರ ಮೇಲೆ ಮಣ್ಣಿನಲ್ಲಿ ಕಟ್ಟಿದ ಜಂಬಿಟ್ಟಿಗೆಯ (ಕೆಂಪು ಮುರಕಲ್ಲು) ಗೋಡೆ, ತೊಟ್ಟಿಯ ನಾಲ್ಕು ಮೂಲೆಗೆ ಹಲಸಿನ ಮುಂಡಿಗೆಗಳು (ದಪ್ಪ ಕಂಬಗಳು), ಮೇಲೆ ಮಂಗಳೂರು ಹಂಚು. ಕೆಲವು ಹಂಚುಗಳ ಮೇಲಿರುವ 1865 ಎಂಬ ಅಂಕಿಯನ್ನು ಕಂಡು ಮನೆಗೇ ಅಷ್ಟು ವಯಸ್ಸೆಂದು ತಿಳಿಯುವವರಿದ್ದಾರೆ. ಅದು ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆ ಆರಂಭವಾದ ವರ್ಷ. ಬಡಗಣ ದಿಕ್ಕಿಗೆ ಮೂರು ಅಂಕಣದ ಒಂದು ಕಿರುಮನೆಯಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ನಿಂತಾಗ ಅಜ್ಜಿಯ ತವರುಮನೆಯೂ ಮುಳುಗಡೆಗೆ ಸೇರಿತು. ತವರಿನವರು ಮನೆಯನ್ನು ಬಿಚ್ಚಿ ತೊಲೆ, ಕಂಬ, ಬಾಗಿಲುಗಳನ್ನು ಗಾಡಿಯ ಮೇಲೆ ಹೇರಿಕೊಂಡು ಬಂದರು. ಅದೇ ಮರದಲ್ಲಿ ಅಜ್ಜ ಅವರಿಗಾಗಿ ಈ ಕಿರುಮನೆಯನ್ನು, ಅದರದೇ ಅಡುಗೆಮನೆ, ಅದರದೇ ಬಚ್ಚಲು, ಅದರದೇ ಜಗಲಿಯೊಂದಿಗೆ ಎಬ್ಬಿಸಿಕೊಟ್ಟರು. ಎರಡು ಮನೆಗಳ ನಡುವೆ ಹೂವಿನ ಅಂಗಳ, ಹಿಂದೆ ಹಿತ್ತಲು, ಅದರಾಚೆ ದರೆ (ಕಡಿದಾದ ಮಣ್ಣಿನ ದಿಬ್ಬ), ದರೆಯ ಮೇಲೆ ಸೊಪ್ಪಿನ ಬೆಟ್ಟ.

ಕಾಯಿಲೆ ಶುರುವಾದದ್ದು 1980ರ ದಶಕದ ಕೊನೆಯಲ್ಲಿ, ಅಪ್ಪಯ್ಯ ಹೊರಗೋಡೆಗಳಿಗೆ ಸಿಮೆಂಟಿನ ಗಾರೆ ಮಾಡಿಸಿದ ಮೇಲೆ. ಅಂದಿನ ಕಾಲಕ್ಕೆ ಅದು ಅನುಕೂಲಸ್ಥರ ಲಕ್ಷಣವಾಗಿತ್ತಾದ್ದರಿಂದ ಅವರನ್ನು ದೂರಲಾರೆ. ಹತ್ತು ವರ್ಷಗಳೊಳಗೆ ಒಳಗೋಡೆಯಲ್ಲಿ ಸೊಂಟದೆತ್ತರದವರೆಗೆ ಕಪ್ಪು ಏರಿತು, ಭತ್ತದ ಪಣತದ (ಕಣಜದ) ಹಿಂದಿನ ಮಣ್ಣು ಮುಟ್ಟಿದರೆ ಉದುರತೊಡಗಿತು, ಒಂದು ಕಿಟಕಿಯ ದಾರಂದ ಗೆದ್ದಲಿನ ಪಾಲಾಯಿತು. ಮನೆ ನನ್ನ ಕೈಗೆ ಬಂದ ಮೇಲೆ ಒಬ್ಬ ಗುತ್ತಿಗೆದಾರರು ಎಲ್ಲವನ್ನೂ ಕೆಡವಿ ಹೊಸದಾಗಿ ಕಟ್ಟಲು 48 ಲಕ್ಷ ಹೇಳಿದರು. ಅಷ್ಟು ಹಣ ನನ್ನಲ್ಲಿರಲಿಲ್ಲ. ಇದ್ದಿದ್ದರೂ ಆ ಮುಂಡಿಗೆಗಳನ್ನು ಮಾರಿ ಕಾಂಕ್ರೀಟಿನ ಕೆಳಗೆ ಮಲಗಲು ಮನಸ್ಸು ಒಪ್ಪುತ್ತಿರಲಿಲ್ಲ.

ಮೊದಲ ಸೋಲು 2017ರದು. ನೀರು ತಡೆಯುವ ರಾಸಾಯನಿಕವೊಂದನ್ನು ಪಡುಗೋಡೆಯ ಒಳಮೈಗೆ ಮೂರು ಕೈ ಹೊಡೆಸಿ ಸುಮಾರು 70,000 ರೂಪಾಯಿ ಕಳೆದೆ. ಜುಲೈ ಮುಗಿಯುವುದರೊಳಗೆ ಆ ಪದರವು ಹಪ್ಪಳದಂತೆ ಉಬ್ಬಿತು. ಸೂಜಿಯಿಂದ ಚುಚ್ಚಿದರೆ ನೀರು ಇಳಿಯುತ್ತಿತ್ತು. ಎರಡನೆಯ ಸೋಲು 2018ರ ಮೇ ತಿಂಗಳಲ್ಲಿ. ಸುಣ್ಣವೇ ಮದ್ದೆಂದು ಓದಿ ತಿಳಿದು, ಅವಸರದಲ್ಲಿ ಒಂದು ಬದಿಯ ಸಿಮೆಂಟು ಕೀಳಿಸಿ, ಆ ಒದ್ದೆ ಗೋಡೆಗೇ ಸುಣ್ಣದ ಗಾರೆ ಮೆತ್ತಿಸಿದೆ. ಸುಟ್ಟ ಸುಣ್ಣವನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೀರು ಹಾಕಿ ಅರಳಿಸಲು ಹೋದಾಗ ಅದರ ಕುದಿತಕ್ಕೆ ಡ್ರಮ್ಮು ಮೆತ್ತಗಾಗಿ ಸೊಟ್ಟಗಾಯಿತು. ಮೂರೇ ದಿನ ಅರಳಿಸಿದ ಆ ಸುಣ್ಣದಲ್ಲಿ ಅರಳದೆ ಉಳಿದಿದ್ದ ಹರಳುಗಳು ಗೋಡೆಯ ಮೇಲೆ ಒಂದೊಂದಾಗಿ ಸಿಡಿದು ಕಡಲೆಕಾಳಿನಷ್ಟು ಗುಳಿಗಳನ್ನು ಮಾಡಿದವು. ಜೂನ್ ಮೊದಲ ವಾರದಲ್ಲಿ ಮಳೆ ಹಿಡಿಯಿತು; ಗಟ್ಟಿಯಾಗಲು ಬಿಡುವೇ ಸಿಗದ ಗಾರೆ ಹದಿನೈದು ದಿನಗಳಲ್ಲಿ ಹಾಳೆ ಹಾಳೆಯಾಗಿ ಕಳಚಿ ಬಿತ್ತು. ಅದಕ್ಕೆ ಹೋದದ್ದು 90,000. ಆ ಮಳೆಗಾಲದಲ್ಲಿ ನೆಂಟರ ಮನೆಯ ಕಾರ್ಯಗಳಿಗೆ ಹೋಗುವುದೇ ನನಗೆ ಕಷ್ಟವಾಗಿತ್ತು. ಎಲ್ಲರೂ ಗೋಡೆಯ ವಿಷಯವನ್ನೇ ಎತ್ತುತ್ತಿದ್ದರು.

ತಪ್ಪು ಗಾರೆಯಲ್ಲಿರಲಿಲ್ಲ, ಅಂಗಳದಲ್ಲಿತ್ತು. ಅದು ನನಗೆ ಹೊಳೆದದ್ದು ಅದೇ ವರ್ಷದ ಅಕ್ಟೋಬರಿನಲ್ಲಿ, ಡೇರೆ (ಡಾಲಿಯಾ) ಹೂವಿನ ಗೆಡ್ಡೆ ಕೀಳುವಾಗ. ಪಡುಗೋಡೆಯ ಉದ್ದಕ್ಕೂ ಅಮ್ಮನ ಡೇರೆ ಪಾತಿಗಳಿದ್ದವು. ಅಮ್ಮನಿಗಿಂತ ಮೊದಲು ಅಜ್ಜಿಯವು. ಪ್ರತಿ ವರ್ಷ ಹೊಸ ಮಣ್ಣು, ಗೊಬ್ಬರ, ದರಗು (ಒಣಗಿದ ಎಲೆ) ಬಿದ್ದು ಬಿದ್ದು ಪಾತಿ ಏರುತ್ತಲೇ ಬಂದಿತ್ತು. ಗೆಡ್ಡೆಗಾಗಿ ಅಗೆಯುತ್ತಿದ್ದ ನನ್ನ ಗುದ್ದಲಿಗೆ ಒಂದೂವರೆ ಅಡಿ ಕೆಳಗೆ ಕರಿಕಲ್ಲು ತಾಗಿತು. ಮುತ್ತಜ್ಜ ನೆಲದಿಂದ ಮೇಲೆತ್ತಿ ಕಟ್ಟಿದ್ದ ಪಂಚಾಂಗವು ಪೂರ್ತಿಯಾಗಿ ಮಣ್ಣಿನೊಳಗೆ ಹೂತುಹೋಗಿ, ಅದರ ಮೇಲಿನ ಜಂಬಿಟ್ಟಿಗೆಯೇ ಹಸಿ ಗೊಬ್ಬರಕ್ಕೆ ಆನಿಕೊಂಡು ನಿಂತಿತ್ತು. ಜಂಬಿಟ್ಟಿಗೆ ನೀರನ್ನು ಬಹಳ ಹೀರುತ್ತದೆ. ಹೊರಗಿನ ಸಿಮೆಂಟು ಅದನ್ನು ಆರಲು ಬಿಡದಿದ್ದುದರಿಂದ ನೀರು ಮನೆಯೊಳಗೆ ದಾರಿ ಮಾಡಿಕೊಂಡಿತ್ತು. ದರೆಯ ಬುಡದಲ್ಲಿದ್ದ ಹಳೆಯ ಅಗಳೂ (ಕಂದಕ) ಮುಚ್ಚಿಹೋಗಿ, ಬೆಟ್ಟದಿಂದ ಇಳಿದ ನೀರು ಹಿತ್ತಲನ್ನು ಹಾದು ಇದೇ ಗೋಡೆಯ ಕಾಲಿಗೆ ಬರುತ್ತಿತ್ತು.

ಪಾತಿ ತೆಗೆಯಬೇಕೆಂದಾಗ ಅಮ್ಮ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಅವರೇ ಬುಟ್ಟಿ ಹಿಡಿದು ಬಂದು, ಗೆಡ್ಡೆಗಳನ್ನು ಬಣ್ಣದ ಲೆಕ್ಕದಲ್ಲಿ ಬೇರೆ ಮಾಡಿ, ಒಣ ಮರಳಿನಲ್ಲಿ ಅಟ್ಟದ ಮೇಲಿಟ್ಟರು. ಜೆಸಿಬಿಯನ್ನು ಹಳೆಯ ಪಂಚಾಂಗದ ಹತ್ತಿರ ಬಿಡುವ ಧೈರ್ಯ ನನಗಾಗಲಿಲ್ಲ. ಆಳುಗಳಿಂದಲೇ ಗೋಡೆಯ ಗುಂಟ ಮಣ್ಣನ್ನು ಎರಡೂವರೆ ಅಡಿ ಇಳಿಸಿ, ಇಳಿಜಾರು ಕೊಟ್ಟು, ಜಲ್ಲಿ ತುಂಬಿದ ಚರಂಡಿ ಮಾಡಿಸಿ, ದರೆಯ ಅಗಳನ್ನು ಬಿಡಿಸಿ ಎರಡನ್ನೂ ತೋಟದ ಕಪ್ಪಿಗೆ (ನೀರು ಹರಿದುಹೋಗುವ ಕಾಲುವೆಗೆ) ಕೂಡಿಸಿದೆ. ಖರ್ಚು 38,000 ಆಯಿತು. ಇಡೀ ಮನೆಯಲ್ಲಿ ನಾನು ಮಾಡಿದ ಅತಿ ಅಗ್ಗದ ಕೆಲಸ ಅದು. ಮೊದಲೇ ಮಾಡಿದ್ದರೆ ಅದಕ್ಕೂ ಮುಂಚೆ ಕಳೆದ ಒಂದು ಲಕ್ಷದ ಅರವತ್ತು ಸಾವಿರ ಉಳಿಯುತ್ತಿತ್ತು.

ಅನಂತರ ಹೊರಗಿನ ಸಿಮೆಂಟನ್ನೆಲ್ಲ ಕೀಳಿಸಿ ಗೋಡೆಯನ್ನು ಬೆತ್ತಲೆ ಬಿಟ್ಟೆ. ಒಂದು ಬೇಸಿಗೆ ಮಾತ್ರವಲ್ಲ, ಅದರ ಮುಂದಿನ ಮಳೆಗಾಲವೂ ಸೇರಿ ಸುಮಾರು ಹದಿಮೂರು ತಿಂಗಳು ಬಿಟ್ಟೆ. ಊರಿನವರಿಗೆ ಅತ್ಯಂತ ವಿಚಿತ್ರವಾಗಿ ಕಂಡದ್ದು ಇದೇ. ಹಣ ಮುಗಿದು ಕೆಲಸ ನಿಂತಿತೆಂದು ಮಾತಾಯಿತು. ಹಿಂದೆ ಎಲ್ಲ ಮನೆಗಳಲ್ಲೂ ಕಟ್ಟುತ್ತಿದ್ದ ಹಾಗೆ ಅಡಿಕೆ ಸೋಗೆಯ ತಟ್ಟಿಯನ್ನು, ಗೋಡೆಯಿಂದ ಒಂದು ಅಡಿ ದೂರದಲ್ಲಿ ಗಾಳಿಯಾಡುವಂತೆ ಕಟ್ಟಿಸಿದೆ. 2019ರ ಆಗಸ್ಟ್ ತಿಂಗಳ ಆ ಮಳೆ ಮಲೆನಾಡಿನವರಿಗೆ ಮರೆಯುವಂಥದ್ದಲ್ಲ. ಆ ವಾರ ರಾತ್ರಿಯೆಲ್ಲ ಟಾರ್ಚ್ ಹಿಡಿದು ಗೋಡೆಯ ಬುಡ ನೋಡುತ್ತಿದ್ದೆ. ಚರಂಡಿ ಹೊಳೆಯಂತೆ ಹರಿಯಿತು, ಪಂಚಾಂಗದ ಕಲ್ಲು ತೊಯ್ದಿತು, ಅದರ ಮೇಲಿನ ಜಂಬಿಟ್ಟಿಗೆ ತೊಯ್ಯಲಿಲ್ಲ. ನವೆಂಬರಿನಲ್ಲಿ ಪ್ಲಾಸ್ಟಿಕ್ ಹಾಳೆಯೊಂದನ್ನು ಗೋಡೆಗೆ ನಾಲ್ಕೂ ಅಂಚು ಅಂಟಿಸಿ ಎರಡು ರಾತ್ರಿ ಬಿಟ್ಟು ತೆಗೆದಾಗ ಅದರ ಹಿಂದೆ ಒಂದು ಹನಿಯೂ ಕೂಡಿರಲಿಲ್ಲ. ಗಾರೆ ಹಾಕಲು ನಾನು ಒಪ್ಪುವ ಮುಹೂರ್ತ ಅದೊಂದೇ.

ಸುಣ್ಣವನ್ನು ಈ ಸಲ ಕರಾವಳಿಯಿಂದ ತರಿಸಿದೆ, ಚಿಪ್ಪು ಸುಟ್ಟದ್ದು. ಇಟ್ಟಿಗೆ ಕಟ್ಟಿದ ತೊಟ್ಟಿಯಲ್ಲಿ ಅರಳಿಸಿ, ಸೋಸಿ, ನೀರಿನ ಕೆಳಗೆ ಮೂರು ತಿಂಗಳು ಕೊಳೆಹಾಕಿದೆ. ಸುಣ್ಣ, ಮರಳು, ಇಟ್ಟಿಗೆ ಪುಡಿಯ ಪ್ರಮಾಣವನ್ನು ಯಾವ ಗಾರೆಯವರನ್ನು ಕೇಳಿದರೂ ಹೇಳುತ್ತಾರೆ. ಬೆಲ್ಲ ಮತ್ತು ಅಳಲೆಕಾಯಿಯ ನೀರನ್ನು ಎಷ್ಟು ದಿನ ಹುಳಿಯಿಸಿ, ಯಾವ ಪದರಕ್ಕೆ ಎಷ್ಟು ಸೇರಿಸಬೇಕೆಂಬುದನ್ನು ಮಾತ್ರ ಇಲ್ಲಿ ಬರೆಯಲಾರೆ. ಅದನ್ನು ಕಲಿಸಿದ ಹಿರಿಯ ಮೇಸ್ತ್ರಿಗೆ ಮಾತು ಕೊಟ್ಟಿದ್ದೇನೆ. ಮುಂಡಿಗೆ ಮತ್ತು ಗೋಡೆ ಸೇರುವಲ್ಲಿ ಬಿರುಕು ಬಾರದಂತೆ ನಾನು ಮಾಡಿದ ಉಪಾಯವೂ ಸದ್ಯ ನನ್ನಲ್ಲಿಯೇ ಇರಲಿ. ಮನೆಗೆ ಬಂದವರಿಗೆ ತೋರಿಸುತ್ತೇನೆ. ಮೂರು ಪದರ, ಒಂದೊಂದರ ನಡುವೆ ಸುಮಾರು ಹನ್ನೆರಡು ದಿನ ಒದ್ದೆ ಗೋಣಿ. ಒಳಗೂ ಹೊರಗೂ ಸೇರಿ 4,000 ಚದರ ಅಡಿಗೆ ನಾಲ್ಕೂವರೆ ಲಕ್ಷವಾಯಿತು. ಕೆಲಸ ಮುಗಿದದ್ದು 2020ರ ಫೆಬ್ರವರಿಯಲ್ಲಿ.

ಮಾಡಿಗೆ (ಹಂಚಿನ ಸೂರಿಗೆ) ಆರು ಲಕ್ಷ. 9,000ದಷ್ಟು ಹಂಚುಗಳನ್ನು ಇಳಿಸಿ ಹಾಯಿಸಿದಾಗ ಸಾವಿರಕ್ಕೂ ಮಿಕ್ಕಿ ಒಡೆದವು. ಕೆಡವುತ್ತಿದ್ದ ಮನೆಗಳಿಂದ ಅದೇ ಅಚ್ಚಿನವನ್ನು ಹುಡುಕಿ ತಂದೆ. ಬೇರೆ ಅಚ್ಚಿನ ಹಂಚು ಕೂರುವಂತೆ ಕಂಡರೂ ಗಾಳಿಮಳೆಯಲ್ಲಿ ಸೋರದೆ ಬಿಡದು.

ಕಿರುಮನೆಯ ಕೆಲಸ 2021ರಲ್ಲಿ ಹಿಡಿದದ್ದು. ಅದರ ಗೋಡೆಗಳು ತಗ್ಗು, ಮರ ಮಾತ್ರ ನಮ್ಮ ದೊಡ್ಡ ಮನೆಯದಕ್ಕಿಂತ ಗಟ್ಟಿ. ತೊಲೆಗಳ ಮೇಲೆ ಮುಳುಗಿದ ಮನೆಯ ಬಡಗಿ ಜೋಡಣೆಗಾಗಿ ಕೊರೆದ ಗುರುತುಗಳು ಇನ್ನೂ ಇವೆ; ಅವನ್ನು ಅಳಿಸದಂತೆ ಬಣ್ಣದವರ ಪಕ್ಕದಲ್ಲಿ ನಾನೇ ನಿಂತಿದ್ದೆ. ಬಚ್ಚಲನ್ನು ಈಗಿನ ಕಾಲಕ್ಕೆ ಹೊಂದಿಸಿ, ನೆಲಕ್ಕೆ ಕೆಂಪು ಗಾರೆ ತಿಕ್ಕಿಸಿ, ಒಟ್ಟು ಆರೂವರೆ ಲಕ್ಷವಾಯಿತು. ಈಗ ಅಲ್ಲಿ ಶಿಕ್ಷಕ ದಂಪತಿಗಳು ತಿಂಗಳಿಗೆ 8,000 ಕೊಟ್ಟು ಇದ್ದಾರೆ, ಸಂಜೆ ದೀಪ ಹಚ್ಚುತ್ತಾರೆ. ಖಾಲಿ ಮನೆಗಿಂತ ಬೇಗ ಹಾಳಾಗುವುದು ಬೇರೊಂದಿಲ್ಲ.

ನಡುವೆ ಕೆಲವು ಪ್ರಯೋಗಗಳನ್ನೂ ಮಾಡಿದೆ. ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಪಕಾಸಿನ (ಮಾಡಿನ ಇಳಿಜಾರು ಮರದ) ತುದಿಗಳಿಗೂ ಗೋಡೆಯೊಳಗೆ ಹೋಗುವ ತೊಲೆಯ ತಲೆಗಳಿಗೂ ಎರಡು ಕೈ ಹಚ್ಚಿಸಿದೆ. ಕೈಗೆ ತಾಗಿದ ಇಬ್ಬರಿಗೆ ಸುಟ್ಟ ಹಾಗೆ ಗುಳ್ಳೆಯೆದ್ದಿತಾದ್ದರಿಂದ ಕೈಗವಸಿಲ್ಲದೆ ಯಾರೂ ಮುಟ್ಟಬಾರದು. ಹಚ್ಚಿದಲ್ಲಿ ಈವರೆಗೆ ಗೆದ್ದಲು ಕಂಡಿಲ್ಲ. ಹಂಚು ಕೂರುವ ರೀಪಿಗೆ ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ಹಾಕಿ ನೋಡಿದ್ದು ದೊಡ್ಡ ಮನೆಯ ಮಾಡಿಗೆ ಹೊಂದಲಿಲ್ಲ, ಮೂರನೆಯ ವರ್ಷವೇ ಬಾಗಿತು. ಗೋಡೆಯ ಬುಡದ ಚರಂಡಿಯ ಆಚೆ ಡೇರೆಯ ಬದಲು ಲಾವಂಚ ನೆಟ್ಟಿದ್ದೇನೆ. ಮಣ್ಣು ಕೊಚ್ಚಿ ಚರಂಡಿಗೆ ಬರುವುದು ಬಹಳ ಕಡಿಮೆಯಾಗಿದೆ.

ಡೇರೆ ಪಾತಿಗಳು ಈಗ ಕಿರುಮನೆಯ ಮೂಡಣ ಅಂಗಳದಲ್ಲಿವೆ, ಗೋಡೆಯಿಂದ ಎಂಟು ಅಡಿ ಈಚೆಗೆ. ಅಟ್ಟದ ಮೇಲಿಟ್ಟ ಗೆಡ್ಡೆಗಳಲ್ಲಿ ಕಾಲುಭಾಗ ಕೊಳೆತವು, ಅಜ್ಜಿಯ ಕಾಲದ ನೇರಳೆ ಬಣ್ಣದ್ದು ಉಳಿಯಿತು. ಪಾತಿ ಪ್ರತಿ ವರ್ಷ ಏರುವುದನ್ನು ತಡೆಯಲು ಅಮ್ಮನೇ ಒಂದು ಕಲ್ಲು ನೆಡಿಸಿದ್ದಾರೆ. ಮಣ್ಣು ಅದನ್ನು ಮುಟ್ಟಿದ ವರ್ಷ ಗೊಬ್ಬರವನ್ನು ತೋಟಕ್ಕೆ ಹೊರಿಸುತ್ತಾರೆ.

ದೊಡ್ಡ ಮನೆಯ ಬಚ್ಚಲಿನ ಗೋಡೆಯೊಂದು ಬಾಕಿಯಿದೆ. ಹಂಡೆಯ ಒಲೆಯ ಶಾಖಕ್ಕೆ ಅದು ಒಂದು ಬದಿ ಒಣಗಿ ಇನ್ನೊಂದು ಬದಿ ತೊಯ್ದಿರುತ್ತದೆ, ಹಾಗಾಗಿ ಪಡುಗೋಡೆಯ ಲೆಕ್ಕ ಅಲ್ಲಿ ನಡೆಯದು. ದೀಪಾವಳಿ ಕಳೆದ ಮೇಲೆ ಅದರ ಸಿಮೆಂಟು ಕೀಳಿಸುತ್ತೇನೆ. ಗಾರೆ ಅದರ ಮುಂದಿನ ವರ್ಷ.